ನಿದ್ದೆ ಬಾರದವರಿಗೆ ‘ಬೇಗ ಮಲಗಿ’ ಅನ್ನಬೇಡಿ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅನ್ನುವ ಗಾದೆಯನ್ನು ವರ್ಷಗಟ್ಟಲೆ ನಿದ್ದೆಗೆಟ್ಟವರ ಮುಂದೆ ದಯವಿಟ್ಟು ಹೇಳಬೇಡಿ. ನಾನು ಅದನ್ನು ತುಂಬಾ ಸಲ ಕೇಳಿಸಿಕೊಂಡಿದ್ದೇನೆ, ಪ್ರತಿಸಲವೂ ನೋವಾಗಿದೆ. ಶುರುವಾಗುವುದು ಚಿಂತೆಯಿಂದಲೇ ಇರಬಹುದು. ಮನೆಯಲ್ಲೊಂದು ಸಾವು, ಸಾಲ, ಬಾಣಂತನ, ದೊಡ್ಡ ಕಾಯಿಲೆ, ಹೀಗೆ ಏನಾದರೊಂದು. ಆದರೆ ಆ ಕಾರಣ ಕಳೆದುಹೋಗಿ ಕಾಲವಾದ ಮೇಲೂ ನಿದ್ದೆ ಬರುವುದಿಲ್ಲ ಅಂದ್ರೆ? ಆಗ ಚಿಂತೆ ಬಿಡು ಅನ್ನುವುದರಿಂದ ಏನೂ ಉಪಯೋಗವಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ 1987ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ನಿದ್ದೆಗೇಡನ್ನು ಶುರು ಮಾಡುವ ಕಾರಣ ಬೇರೆ, ಅದನ್ನು ಉಳಿಸಿಕೊಂಡು ಹೋಗುವ ಕಾರಣ ಬೇರೆ. ಉಳಿಸುವುದು ಯಾವುದು ಗೊತ್ತಾ? ನಿದ್ದೆ ಬರಲಿ ಅಂತ ನಾವು ಮಾಡುವ ಪ್ರಯತ್ನಗಳೇ. ರಾತ್ರಿ ನಿದ್ದೆ ಆಗಲಿಲ್ಲ ಅಂತ ಮಧ್ಯಾಹ್ನ ಮಲಗುತ್ತೇವೆ. ಇವತ್ತಾದರೂ ಬರಲಿ ಅಂತ ಒಂಬತ್ತಕ್ಕೇ ಹಾಸಿಗೆ ಸೇರುತ್ತೇವೆ. ಭಾನುವಾರ ಹೊತ್ತೇರುವ ತನಕ ಏಳುವುದಿಲ್ಲ. ಮಧ್ಯರಾತ್ರಿ ಎಚ್ಚರವಾದರೆ ಕಣ್ಣು ಮುಚ್ಚಿ ಸುಮ್ನೆ ಬಿದ್ದುಕೊಂಡಿರುತ್ತೇವೆ. ಮನೆಯವರೂ ಹೇಳುವುದು ಅದನ್ನೇ ಅಲ್ವಾ? ದಿನ ಕಳೆದಂತೆ ಹಾಸಿಗೆ ಅಂದರೆ ಎಚ್ಚರವಾಗಿರುವ ಜಾಗ ಅಂತ ಮೈ ಕಲಿತುಬಿಡುತ್ತದೆ. ಟಿವಿ ಮುಂದೆ ತೂಕಡಿಸುತ್ತಿದ್ದವರು ದಿಂಬಿಗೆ ತಲೆಯಿಟ್ಟ ಕೂಡಲೇ ಪೂರ್ತಿ ಎಚ್ಚರವಾಗುವುದು ಇದಕ್ಕೇ.

ಈ ಕಲಿಕೆಯನ್ನು ಅಳಿಸುವ ದಾರಿ ಇದೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲೇ ತೋರಿಸಿದ ಆ ದಾರಿಯನ್ನು ಈಗ ಹೇಳಿಕೊಡುವುದು ಹೀಗೆ: ಕಣ್ಣು ಎಳೆಯುವ ತನಕ ಹಾಸಿಗೆಗೆ ಹೋಗಬೇಡಿ. ಹೋದ ಮೇಲೆ ಸುಮಾರು 15-20 ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬನ್ನಿ. ಮತ್ತೆ ಕಣ್ಣು ಎಳೆದಾಗ ಮಾತ್ರ ವಾಪಸ್ ಹೋಗಿ. ಎಷ್ಟು ಹೊತ್ತಿಗೇ ನಿದ್ದೆ ಹತ್ತಿರಲಿ, ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು. ಗಡಿಯಾರ ನೋಡಬೇಡಿ, ಅಂದಾಜು ಸಾಕು.

ಓದಲು ಸುಲಭ. ನಮ್ಮ ಮನೆಗಳಲ್ಲಿ ಮಾಡುವುದು ಕಷ್ಟ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗಿರುತ್ತಾರೆ. ಒಬ್ಬರು ಎದ್ದರೆ ಎಲ್ಲರಿಗೂ ಎಚ್ಚರ, ಜೊತೆಗೆ ‘ಏನಾಯ್ತು, ಹುಷಾರಿಲ್ವಾ?’ ಅನ್ನುವ ಪ್ರಶ್ನೆ. ಅದಕ್ಕೇ ಮನೆಯವರಿಗೆ ಮೊದಲೇ ಹೇಳಿಡಬೇಕು. ನಾನು ಅಡುಗೆಮನೆಯಲ್ಲಿ ಸಣ್ಣ ದೀಪ ಹಾಕಿಕೊಂಡು ಕೂರುತ್ತಿದ್ದೆ. ಬಟ್ಟೆ ಮಡಿಚುವುದು, ಸೊಪ್ಪು ಬಿಡಿಸುವುದು, ಅವರೆಕಾಯಿ ಕಾಲದಲ್ಲಿ ನೆನೆಸಿಟ್ಟ ಕಾಳು ಹಿತಕುವುದು. ಕೈಗೆ ಕೆಲಸ, ತಲೆಗೆ ಬಿಡುವು. ಮೊಬೈಲ್ ಮಾತ್ರ ಮುಟ್ಟುತ್ತಿರಲಿಲ್ಲ.

ಇದಕ್ಕಿಂತ ಕಠಿಣವಾದದ್ದು ಹಾಸಿಗೆಯ ಹೊತ್ತು ಕಡಿಮೆ ಮಾಡುವುದು. ಇದೂ ಸ್ಪೀಲ್ಮನ್ ಕೊಟ್ಟದ್ದೇ. ಒಂದೆರಡು ವಾರ ಮಲಗಿದ್ದು, ನಿದ್ದೆ ಹತ್ತಿದ್ದು, ಎದ್ದಿದ್ದು ಎಲ್ಲವನ್ನೂ ಅಂದಾಜಿನಲ್ಲಿ ಬರೆದಿಡಬೇಕು, ಇದೇ ನಿದ್ದೆ ದಿನಚರಿ. ರಾತ್ರಿ ಹತ್ತಕ್ಕೆ ಮಲಗಿ ಆರೂವರೆಗೆ ಏಳುವವರು ಸರಾಸರಿ ಐದೂವರೆ ಗಂಟೆ ಮಾತ್ರ ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳಿ. ಅವರಿಗೆ ಹಾಸಿಗೆಯೂ ಅಷ್ಟೇ ಹೊತ್ತು. ಆರೂವರೆಗೇ ಏಳಬೇಕಾದರೆ ರಾತ್ರಿ ಒಂದರ ತನಕ ಮಲಗುವಂತಿಲ್ಲ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಶೇ 85ರಷ್ಟಾದರೂ ನಿದ್ದೆಯಾಗಲು ಶುರುವಾದರೆ, ವಾರಕ್ಕೆ 15 ನಿಮಿಷದ ಹಾಗೆ ಹೆಚ್ಚಿಸುತ್ತಾ ಹೋಗುವುದು. ಐದು ಗಂಟೆಗಿಂತ ಕಡಿಮೆ ಮಾತ್ರ ಇಳಿಸಬಾರದು.

ನಿದ್ದೆಯೂ ಹಸಿವಿನ ಹಾಗೆ. ದಿನವಿಡೀ ಕುರುಕಲು ತಿಂದವರಿಗೆ ಊಟದ ಹೊತ್ತಿಗೆ ಹಸಿವಾಗುವುದಿಲ್ಲ. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ. ಕಾಫಿ ತಡೆಯುವುದು ಇದರ ಕೆಲಸವನ್ನೇ. ಸಂಜೆ ಐದಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನ್ ರಾತ್ರಿ ಹತ್ತಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ.

ಹಾಸಿಗೆಯ ಹೊತ್ತು ಕಡಿಮೆ ಮಾಡಿದಾಗ ಮೊದಮೊದಲು ಹಗಲು ನರಕ. ತಲೆ ಭಾರ, ಸಿಟ್ಟು, ಮರೆವು. ಬಹಳ ಜನ ಬಿಟ್ಟುಬಿಡುವುದು ಈ ಹಂತದಲ್ಲೇ. ನಿದ್ದೆಗಣ್ಣಲ್ಲಿ ಗಾಡಿ ಓಡಿಸಲೇಬೇಡಿ. ಬಸ್ಸು, ಲಾರಿ ಓಡಿಸುವವರು, ಯಂತ್ರದ ಮುಂದೆ ಕೆಲಸ ಮಾಡುವವರು, ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಥಿತಿ ತೀರಾ ಏರಿಳಿಯುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲುತ್ತಿದ್ದರೆ ಅದು ಬೇರೆಯೇ ತೊಂದರೆ, ಅದನ್ನು ಮೊದಲು ತೋರಿಸಿ.

ನನಗೆ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಈ ಕ್ರಮಗಳ ಜೊತೆಗೆ ನಿದ್ದೆಯ ಬಗೆಗಿನ ಭಯವನ್ನೂ ತಿದ್ದುವ ಚಿಕಿತ್ಸೆಗೆ ಸಿಬಿಟಿ-ಐ (ನಿದ್ದೆಗೇಡಿಗೆ ಕೊಡುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುತ್ತಾರೆ. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಿಗೂ ಹೆಚ್ಚು ಕಾಲ ನಿದ್ದೆಗೆಟ್ಟ ದೊಡ್ಡವರಿಗೆಲ್ಲ ಮೊದಲು ಕೊಡಬೇಕಾದದ್ದು ಇದನ್ನೇ ಅಂತ ಅಮೆರಿಕದ ವೈದ್ಯರ ಸಂಘ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2016ರಲ್ಲೇ ಹೇಳಿದೆ. ನನಗೆ ಎಷ್ಟೋ ಕಡೆ ಸಿಕ್ಕಿದ್ದು ಮಾತ್ರೆಯ ಚೀಟಿ ಒಂದೇ. ಮಾತ್ರೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಕೆಲವು ಕಾಲ ಅದು ಬೇಕು. ಅಲ್ಪ್ರಜೋಲಾಂ, ಕ್ಲೋನಾಜೆಪಾಂ ತರಹದ್ದನ್ನು ವರ್ಷಗಟ್ಟಲೆ ನುಂಗುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ, ಅಪಾಯ. ವೈದ್ಯರು ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ನಾನು ಕೇಳುವುದಿಷ್ಟೇ. ಚೀಟಿ ಬರೆಯುವ ಮೊದಲು ಹತ್ತು ನಿಮಿಷ ಕೂತು ಈ ದಾರಿಯನ್ನೂ ಹೇಳಿ. ತಾಲ್ಲೂಕು ಆಸ್ಪತ್ರೆಯಲ್ಲೂ ಕನ್ನಡದಲ್ಲಿ ಒಂದು ಹಾಳೆಯ ನಿದ್ದೆ ದಿನಚರಿ ಕೈಗೆ ಸಿಗಲಿ. ಇದಕ್ಕೇನು ದೊಡ್ಡ ಯಂತ್ರ ಬೇಕಾಗಿಲ್ಲ.

ನನಗೆ ಈಗಲೂ ಕೆಲವು ರಾತ್ರಿ ಕೈಕೊಡುತ್ತವೆ. ಆದರೆ ಸಂಜೆಯಾದರೆ ಹುಟ್ಟುತ್ತಿದ್ದ ಆ ಭಯ ಹೋಗಿದೆ. ಅಂಗಾಲಿಗೆ ಎಣ್ಣೆ, ಬಿಸಿ ಹಾಲು, ಗಸಗಸೆ ಪಾಯಸ, ಇವೆಲ್ಲ ಇರಲಿ, ಹಿತವೇ. ಆದರೆ ಹಳೆಯ ನಿದ್ದೆಗೇಡಿಗೆ ಅಷ್ಟೇ ಸಾಲದು.

ನಿಮ್ಮ ಮನೆಯಲ್ಲಿ ಯಾರಾದರೂ ರಾತ್ರಿ ಎದ್ದು ಹಜಾರದಲ್ಲಿ ಕೂತಿದ್ದರೆ ಹಾಸಿಗೆಗೆ ವಾಪಸ್ ಕಳಿಸಬೇಡಿ. ಒಬ್ಬರೇ ನಿಭಾಯಿಸಲು ಆಗದಿದ್ದರೆ, ಮನಸ್ಸು ತೀರಾ ಕುಗ್ಗಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.