ಅರಮನೆ ಹೋಯ್ತು, ಲಾಯ ಉಳೀತು

ಸಾಲ ಮಾಡಿದ ದೊಡ್ಡ ಮನುಷ್ಯರು ಲಂಡನ್ನಿಗೆ ಓಡುವುದು ಈಗಿನ ಪದ್ಧತಿ. ಇನ್ನೂರು ವರ್ಷದ ಹಿಂದೆ ಲಂಡನ್ನಿಂದಲೇ ಓಡುತ್ತಿದ್ದರು.

ವಿಲಿಯಂ ಪೋಲ್ ಟಿಲ್ನಿ ಲಾಂಗ್ ವೆಲ್ಲೆಸ್ಲಿ ಎಂಬ ಮಹಾಶಯನೊಬ್ಬನಿದ್ದ. ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಿದ್ದ ಆರ್ಥರ್ ವೆಲ್ಲೆಸ್ಲಿ ಇದ್ದನಲ್ಲ, ಅವನ ಅಣ್ಣನ ಮಗ. ಹೆಸರಿನ ನಡುವಿನ ಟಿಲ್ನಿ, ಲಾಂಗ್ ಎರಡೂ ಹೆಂಡತಿ ಕಡೆಯವು. ಆಸ್ತಿಯೂ ಅಷ್ಟೇ. ಮುಂದೆ ರಾಜನಾದ ಕ್ಲಾರೆನ್ಸ್ ಡ್ಯೂಕ್ ಬಂದು ಕೇಳಿದರೂ ಒಲ್ಲೆ ಎಂದಿದ್ದ ಕ್ಯಾಥರೀನ್, 1812ರಲ್ಲಿ ಇವನ ಕೈ ಹಿಡಿದಳು. ಹಣೆಬರಹ, ಅಲ್ವಾ?

ಜೊತೆಗೆ ಬಂದದ್ದು ಲಂಡನ್ ಪಕ್ಕದ ವಾನ್‌ಸ್ಟೆಡ್ ಹೌಸ್. ಮುಂಭಾಗವೇ 260 ಅಡಿ. ಆ ಜಾಗ ಕೊಂಡವನು ಈಸ್ಟ್ ಇಂಡಿಯಾ ಕಂಪನಿಯ ಜೋಸಯ್ಯ ಚೈಲ್ಡ್. ಔರಂಗಜೇಬನ ಮೇಲೆ ಕಾಲು ಕೆರೆದು ಜಗಳಕ್ಕೆ ಹೋಗಿ, ಸೋತು, 1.5 ಲಕ್ಷ ರೂಪಾಯಿ ದಂಡ ತಂದಿಟ್ಟವನು. ದಂಡ ಕಂಪನಿಗೆ, ತೋಟ ಅವನಿಗೆ. ಅರಮನೆ ಎಬ್ಬಿಸಿದ್ದು ಮಗ ರಿಚರ್ಡ್.

ನಮ್ಮ ಅಳಿಯ ಹತ್ತೇ ವರ್ಷದಲ್ಲಿ ಕುತ್ತಿಗೆವರೆಗೆ ಸಾಲ ಮಾಡಿದ. ಕೊಟ್ಟವರು ಬಾಗಿಲು ಬಡಿದರು. ಆಗ ದೊರೆ ನಾಲ್ಕನೇ ಜಾರ್ಜ್ ಅವನಿಗೆ ಆಸ್ಥಾನದಲ್ಲೊಂದು ಕೆಲಸ ಕೊಟ್ಟ. ಬಂದವರಿಗೆ ದಾರಿ ತೋರಿಸುವ ಕೆಲಸ. ದೊರೆಯ ನೌಕರನನ್ನು ಸಾಲಕ್ಕಾಗಿ ಹಿಡಿಯುವಂತಿರಲಿಲ್ಲ. ಸರ್ಕಾರಿ ಕೆಲಸ ಅಂದ್ರೆ ಇದು! ಸ್ವಲ್ಪ ದಿನದಲ್ಲೇ ಯುರೋಪಿಗೆ ಪರಾರಿ. ದಾರಿ ತೋರಿಸುವವನಿಗೆ ದಾರಿ ಹೇಳಿಕೊಡಬೇಕೇ?

1822ರಲ್ಲಿ ಸಾಮಾನಿನ ಹರಾಜು 32 ದಿನ ನಡೆಯಿತು. ಮನೆ ಕೊಳ್ಳಲು ಮಾತ್ರ ಯಾರೂ ಬರಲಿಲ್ಲ. ಕೊನೆಗೆ ಕಲ್ಲು, ಮರದ ಲೆಕ್ಕದಲ್ಲಿ 10,000 ಪೌಂಡಿಗೆ ಕೊಟ್ಟರು. ಸುಮ್ನೆ ಗುಜರಿ ವ್ಯಾಪಾರ. 1825ರಲ್ಲಿ ಕ್ಯಾಥರೀನ್ ಕೂಡ ತೀರಿಕೊಂಡಳು.

ಉಳಿದದ್ದೇನು? ಕುದುರೆ ಲಾಯ. ಕುದುರೆಗಳು ಸಾಲ ಮಾಡಿರಲಿಲ್ಲ ನೋಡಿ. ಈಗ ಅದೇ ಗಾಲ್ಫ್ ಕ್ಲಬ್ಬಿನ ಕಟ್ಟಡ. ಅರಮನೆ ಇದ್ದ ಕಡೆ ಗಾಲ್ಫ್ ಮೈದಾನದ ನಡುವೆ ಒಂದು ದೊಡ್ಡ ತಗ್ಗು, ಮೇಲೆ ಹುಲ್ಲು. ರಸ್ತೆ ಬದಿಯಲ್ಲಿ ಗೇಟಿನ ಎರಡು ಕಂಬಗಳು ಠೀವಿಯಿಂದ ನಿಂತಿವೆ, ಕಾಯಲು ಮನೆಯೇ ಇಲ್ಲ. ತೋಟದ ಒಂದು ಭಾಗ 1882ರಲ್ಲಿ ಸಾರ್ವಜನಿಕ ಪಾರ್ಕ್ ಆಯಿತು. ಕೆರೆ ಪಕ್ಕದ ಗುಹೆಮನೆ ಅದುವರೆಗೂ ಗಟ್ಟಿಯಾಗಿತ್ತು. ಎರಡೇ ವರ್ಷದಲ್ಲಿ ಬೆಂಕಿ ಬಿತ್ತು.

ಈಗ ಈ ಪಾರ್ಕನ್ನು ಸರ್ಕಾರದ ಕಡೆಯವರು 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೆ ಸೇರಿಸಿದ್ದಾರೆ. ಅರಮನೆಗೆ ಮಾತ್ರ ಸದ್ಯಕ್ಕೆ ಯಾವ ಅಪಾಯವೂ ಇಲ್ಲ.