ರ‍್ಯಾಂಪ್ ಇದೆಯಾ? ಹೌದು

ನಮ್ಮೂರ ಸರ್ಕಾರಿ ಶಾಲೆಯ ರ‍್ಯಾಂಪ್ ಮೇಲೆ ಹೋದ ವಾರ ಹುರುಳಿ ಒಣಗುತ್ತಿತ್ತು. ಒಳ್ಳೇ ಬಿಸಿಲು ಬೀಳುವ ಜಾಗ. ಹುರುಳಿ ಇಲ್ಲದ ದಿನ ಅಲ್ಲಿ ಹೆಡ್‌ಮಾಸ್ಟರ ಸ್ಕೂಟರ್ ನಿಲ್ಲುತ್ತದೆ. ಬಿಸಿಯೂಟದ ಅಕ್ಕಿ ಮೂಟೆ ಬಂದಾಗ ಮೇಲಕ್ಕೆ ಎಳೆಯಲು ಅದರಷ್ಟು ಅನುಕೂಲ ಇನ್ನೊಂದಿಲ್ಲ. ಊಟದ ಬಿಡುವಿನಲ್ಲಿ ಒಂದನೇ ಕ್ಲಾಸಿನ ಚಿಳ್ಳೆಗಳಿಗೆ ಅದೇ ಜಾರುಬಂಡೆ. ಒಟ್ಟಿನಲ್ಲಿ ಊರಿಗೆಲ್ಲ ಉಪಯೋಗಕ್ಕೆ ಬಂದಿದೆ. ಒಬ್ಬನನ್ನು ಬಿಟ್ಟು.

ಆ ಒಬ್ಬ ನಮ್ಮಕ್ಕನ ಮಗ. ಐದನೇ ಕ್ಲಾಸು. ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ.

ತಪ್ಪು ಯಾರದೂ ಅಲ್ಲ, ಲೆಕ್ಕದ್ದು. ರ‍್ಯಾಂಪ್‌ಗೆ ಒಂದು ಅಳತೆ ಇದೆ. ಒಂದಡಿ ಏರಬೇಕಾದರೆ ಹನ್ನೆರಡಡಿ ಉದ್ದ ಬೇಕು. ಶಾಲೆಯ ಜಗಲಿ ಎರಡಡಿ ಎತ್ತರ. ಅಂದರೆ 24 ಅಡಿ. ಆದರೆ ಆರಡಿಗೇ ಧ್ವಜದ ಕಟ್ಟೆ ಅಡ್ಡ ಬಂತು. ಕಟ್ಟೆ ಒಡೆಯೋಕಾಗುತ್ತಾ? ದೇಶದ ಮರ್ಯಾದೆ ಪ್ರಶ್ನೆ! ಗುತ್ತಿಗೆದಾರರು ಆರಡಿಯಲ್ಲೇ ಎರಡಡಿ ಹತ್ತಿಸಿ ಕೈ ತೊಳೆದುಕೊಂಡರು. ಹೊಸದರಲ್ಲಿ ನಮ್ಮ ಹುಡುಗ ಒಂದು ಸಲ ಹತ್ತಲು ನೋಡಿದ. ಅರ್ಧಕ್ಕೆ ಹೋದವನು ಹಿಂದಕ್ಕೆ ಜಾರಿ ನೆಟ್ಟಗೆ ಧ್ವಜದ ಕಟ್ಟೆಗೆ ಬಂದು ನಿಂತ. ಅಷ್ಟು ಶಿಸ್ತಾಗಿ ಧ್ವಜದ ಹತ್ತಿರ ಯಾರೂ ಹೋಗಿರಲಿಲ್ಲ.

ವರ್ಷಕ್ಕೊಂದು ಸಲ ಸರ್ಕಾರಕ್ಕೆ ಶಾಲೆಯ ಮಾಹಿತಿ ಕೊಡುವ ಯುಡೈಸ್ ಫಾರಂ ತುಂಬಬೇಕು. ರ‍್ಯಾಂಪ್ ಇದೆಯಾ? ಹೌದು. ಹಿಡಿದುಕೊಳ್ಳಲು ಕಂಬಿ ಇದೆಯಾ? ಹೌದು. ಅದರ ಮೇಲೆ ಅಡುಗೆಯವರು ಮಸಿಬಟ್ಟೆ ಒಣಗಿಹಾಕುತ್ತಾರೆ, ಆ ಮಾತು ಬೇರೆ. ವಿಶೇಷ ಅಗತ್ಯದ ಮಕ್ಕಳಿಗೆ ಶೌಚಾಲಯ? ಹೌದು. ಬೀಗ ಹಾಕಿದೆ. ಕಿಟಕಿಯಲ್ಲಿ ಇಣುಕಿದೆ. ಕಾಲು ಮುರಿದ ಎರಡು ಬೆಂಚು, ಸುತ್ತಿಟ್ಟ ಭೂಪಟ, ಆಗಸ್ಟ್ ಹದಿನೈದರ ಬಂಟಿಂಗ್ಸು, ಒಂದು ಪ್ಲಾಸ್ಟಿಕ್ ಗ್ಲೋಬು. ಇಡೀ ಪ್ರಪಂಚವೇ ಒಳಗಿದೆ.

‘ಬೀಗ ಯಾಕೆ ಸಾರ್?’ ಅಂತ ಹೆಡ್‌ಮಾಸ್ಟರನ್ನು ಕೇಳಿದೆ.

‘ತೆಗೆದಿಟ್ಟರೆ ಮಕ್ಕಳು ಹೋಗಿಬಿಡ್ತಾರೆ. ಗಲೀಜಾಗುತ್ತೆ’ ಅಂದರು.

ಶೌಚಾಲಯ ಗಲೀಜಾಗದಂತೆ ಕಾಪಾಡುವ ಈ ಉಪಾಯ ನನಗೆ ಹೊಳೆದೇ ಇರಲಿಲ್ಲ.

ಕಾಯ್ದೆಯನ್ನು ಮಾತ್ರ ದೂರುವ ಹಾಗಿಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಆದವು. ಆಟಿಸಂ ಬಂತು, ಕಲಿಕಾ ನ್ಯೂನತೆ ಬಂತು. ಮೂರು ಪಟ್ಟು ಹೆಚ್ಚಳ! ನಮ್ಮ ಕಡೆ 21ಕ್ಕೂ ಮದ್ದು ಒಂದೇ. ಕಾಲು ಬರಲ್ಲವಾ? ರ‍್ಯಾಂಪ್ ಇದೆ. ಕಿವಿ ಕೇಳಲ್ಲವಾ? ರ‍್ಯಾಂಪ್ ಇದೆಯಲ್ಲ. ಮೂರನೇ ಕ್ಲಾಸಿನಲ್ಲಿ ಒಬ್ಬಳಿಗೆ ಪೂರ್ತಿ ಕಿವುಡು. ಮುಂದಿನ ಬೆಂಚಿನಲ್ಲಿ ಕೂರಿಸಿ ಜೋರಾಗಿ ಪಾಠ ಹೇಳುತ್ತಾರೆ. ನಾಲ್ಕನೇ ಕ್ಲಾಸಿನ ಒಬ್ಬನಿಗೆ ಅಕ್ಷರಗಳು ಅದಲು ಬದಲು. ‘ಮರ’ ಅಂತ ಬರೆಯಲು ಹೇಳಿದರೆ ‘ವರ’ ಅಂತ ಬರೆಯುತ್ತಾನೆ. ಕೇಳದೇ ಇದ್ದರೂ ವರ ಕೊಡುವವನಿಗೆ ಸಿಗುವುದು ಮಾತ್ರ ದಿನಾ ಎರಡು ಏಟು.

ಆ ಹುಡುಗನನ್ನು ಅವರಪ್ಪ ಸರ್ಟಿಫಿಕೇಟಿಗೆ ಅಂತ ಆಸ್ಪತ್ರೆಗೆ ಅಲೆದಾಡಿಸುತ್ತಿದ್ದಾರೆ. ವೈಕಲ್ಯ ಶೇಕಡಾ ಎಷ್ಟು ಅನ್ನುವುದು ಇನ್ನೂ ಬಂದಿಲ್ಲ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಗೆ 35 ಬಂದರೆ ಪಾಸು. ಇಲ್ಲಿ 40 ಬರಬೇಕು. ಒಂದೆರಡು ಕಮ್ಮಿ ಬಂದರೆ ಗ್ರೇಸ್ ಮಾರ್ಕ್ಸೂ ಇಲ್ಲ, ಮುಂದಿನ ಸಲ ಚೆನ್ನಾಗಿ ತಯಾರಾಗಿ ಬಾರೋ ಅನ್ನುವ ಹಾಗೂ ಇಲ್ಲ.

2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಪ್ರಾಥಮಿಕ ಶಾಲೆಯಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ದೊಡ್ಡ ಕ್ಲಾಸುಗಳಲ್ಲಿ ಹದಿನೈದಕ್ಕೊಬ್ಬರು ಇರಬೇಕು. ನಮ್ಮಲ್ಲಿ ಲೆಕ್ಕ ಬೇರೆ. ಬಿ.ಐ.ಇ.ಆರ್.ಟಿ., ಅಂದರೆ ಇಂಥ ಮಕ್ಕಳಿಗೆ ಪಾಠ ಹೇಳುವ ಮೇಡಂ ಒಬ್ಬರು ತಾಲೂಕೆಲ್ಲ ಸುತ್ತುತ್ತಾರೆ. ಪಾಪ, ಒಳ್ಳೇ ಹೆಂಗಸು. 10:40ರ ಬಸ್ಸಿಗೆ ಬಂದು 12:15ರ ಬಸ್ಸಿಗೆ ಹೊರಡಬೇಕು, ತಪ್ಪಿದರೆ ಮೂರೂವರೆಗೇ. ನಡುವೆ ರಿಜಿಸ್ಟರ್ ಬರೆಯಬೇಕು, ಆ ಹುಡುಗಿಗೆ ನಾಲ್ಕು ಸನ್ನೆ ಕಲಿಸಬೇಕು, ವರ ಕೊಡುವವನಿಗೆ ಮರ ಕಲಿಸಬೇಕು. ಕಾಲು ಬರದೆ ಮನೆಯಲ್ಲೇ ಮಲಗಿರುವ ಇನ್ನೊಂದು ಮಗುವಿಗೆ ಗೃಹಾಧಾರಿತ ಶಿಕ್ಷಣ ಕೊಡಬೇಕು. ಆ ಮನೆ ತೋಟದಾಚೆ ಇದೆ. ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆ ಬದುವಿನ ಮೇಲೆ ಓಡುವುದನ್ನು ನಾನೇ ನೋಡಿದ್ದೇನೆ. ಇಡೀ ಯೋಜನೆಯಲ್ಲಿ ಓಡುತ್ತಿರುವುದು ಅವರೊಬ್ಬರೇ.

ನಮ್ಮ ಹುಡುಗನ ಕುರ್ಚಿಯ ಕತೆಯನ್ನೂ ಹೇಳಿಬಿಡುತ್ತೇನೆ. ಅವನು ಮೂರನೇ ಕ್ಲಾಸಿನಲ್ಲಿದ್ದಾಗ ಶಿಬಿರದಲ್ಲಿ ಟೇಪು ಹಿಡಿದು ಸೊಂಟ, ತೊಡೆ, ಬೆನ್ನು ಎಲ್ಲ ಅಳೆದುಕೊಂಡು ಹೋದರು. ದರ್ಜಿಯೂ ಅಷ್ಟು ನಾಜೂಕಾಗಿ ಅಳೆಯಲ್ಲ. ಕುರ್ಚಿ ಬಂದಾಗ ಅವನು ಐದನೇ ಕ್ಲಾಸು. ಮಕ್ಕಳು ಬೆಳೆಯುತ್ತಾರೆ ಅನ್ನುವ ಸಂಗತಿ ಫೈಲಿಗೆ ಗೊತ್ತಿರಲಿಲ್ಲ. ಈಗ ಅದರಲ್ಲಿ ಅಕ್ಕನ ಮನೆ ಬೆಕ್ಕು ಮಲಗುತ್ತದೆ. ಅವನು ಕೂರುವುದು ಚಿಕ್ಕಪ್ಪ ಕೊಡಿಸಿದ್ದರಲ್ಲಿ.

ಕುರ್ಚಿ ಬರುವುದು ತಡವಾದರೂ ಹೆಸರು ಮಾತ್ರ ಟೈಮಿಗೆ ಸರಿಯಾಗಿ ಬಂತು. ಮೊದಲು ಅಂಗವಿಕಲ ಅನ್ನುತ್ತಿದ್ದರು. ಆಮೇಲೆ ವಿಕಲಚೇತನ, ಅದೂ ಸಾಲದೆ ವಿಶೇಷಚೇತನ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ದಿವ್ಯಾಂಗ ಅನ್ನೋಣ ಅಂದರು. ಹೆಸರಿಗೆ ಸಿಮೆಂಟೂ ಬೇಡ, ಟೆಂಡರೂ ಬೇಡ, ನೋಡಿ. ಡಿಸೆಂಬರ್ 3ರ ದಿನಾಚರಣೆಯಲ್ಲಿ ಅತಿಥಿಯೊಬ್ಬರು ಒಂದೇ ಭಾಷಣದಲ್ಲಿ ನಾಲ್ಕೂ ಹೆಸರು ಬಳಸಿದರು. ‘ಇವರಿಗೆ ಅನುಕಂಪ ಬೇಡ, ಅವಕಾಶ ಕೊಡಿ’ ಅಂತ ಮೇಜು ಗುದ್ದಿ, ಬಹುಮಾನ ತಗೊಳ್ಳಲು ನಮ್ಮ ಹುಡುಗನನ್ನು ವೇದಿಕೆಗೆ ಕರೆದರು. ವೇದಿಕೆಗೆ ನಾಲ್ಕು ಮೆಟ್ಟಿಲು. ಅತಿಥಿಗಳು ಇಳಿಯಲಿಲ್ಲ, ಶಿಷ್ಟಾಚಾರ. ಇಬ್ಬರು ಮೇಷ್ಟ್ರು ಕುರ್ಚಿ ಸಮೇತ ಅವನನ್ನು ಎತ್ತಿಟ್ಟರು. ಬಹುಮಾನ ಏನು ಗೊತ್ತಾ? ಸ್ಕಿಪಿಂಗ್ ಹಗ್ಗ.

ಮೊನ್ನೆ ಬೆಳಗ್ಗೆ ಅವನನ್ನು ಬಿಡಲು ಹೋಗಿದ್ದೆ. ಹುರುಳಿ ಇರಲಿಲ್ಲ, ಸ್ಕೂಟರೂ ಇರಲಿಲ್ಲ. ರ‍್ಯಾಂಪ್ ತೊಳೆದು ಎರಡೂ ಬದಿಗೆ ರಂಗೋಲಿ ಹಾಕಿದ್ದರು. ಮೇಲಿನಿಂದ ಫೋಟೋ ಕೇಳಿದ್ದಾರಂತೆ. ಹೆಡ್‌ಮಾಸ್ಟರು ಮೊಬೈಲ್ ಹಿಡಿದು ಒಂದು ಕಣ್ಣು ಮುಚ್ಚಿ ನಿಂತಿದ್ದರು. ಅಷ್ಟರಲ್ಲಿ ಏಳನೇ ಕ್ಲಾಸಿನ ಇಬ್ಬರು ಹುಡುಗರು ದಿನದ ಹಾಗೆ ಓಡಿ ಬಂದರು. ಯಾರೂ ಹೇಳಿಕೊಟ್ಟಿಲ್ಲ, ಫಾರಂನಲ್ಲಿ ಅವರಿಗೆ ಕಾಲಂ ಇಲ್ಲ. ಒಬ್ಬ ಹಿಂದಿನಿಂದ, ಒಬ್ಬ ಮುಂದಿನಿಂದ ಕುರ್ಚಿ ಹಿಡಿದರು. ‘ಒನ್, ಟೂ’ ಅಂದರು.

‘ಏಯ್, ಪಕ್ಕಕ್ಕೆ ಹೋಗ್ರೋ!’ ಅಂತ ಕೂಗಿದರು ಹೆಡ್‌ಮಾಸ್ಟರು. ‘ಫೋಟೋದಲ್ಲಿ ಬರ್ತಿದ್ದೀರಿ!’