ಶಾಲು ಬೇಡ, ಡ್ಯೂಟಿ ಪಟ್ಟಿಯನ್ನು ಮೊದಲೇ ಕೊಡಿ

ಮೇ 12 ಬಂತೆಂದರೆ ಆಸ್ಪತ್ರೆಗಳಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡುವುದು, ಕೇಕ್ ಕತ್ತರಿಸುವುದು, ಒಬ್ಬಿಬ್ಬರಿಗೆ ಶಾಲು ಹೊದಿಸುವುದು ತಪ್ಪುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಆಚರಿಸಲಿ. ನನ್ನ ತಕರಾರು ಶಾಲು ಹೊದಿಸುವಾಗ ಮೈಕಿನಲ್ಲಿ ಆಡುವ ಮಾತಿನ ಬಗ್ಗೆ. "ಇವರು ರಾತ್ರಿ ಪಾಳಿ ಮಾಡಿಕೊಂಡು, ಎರಡು ಮಕ್ಕಳನ್ನು ಸಾಕಿಕೊಂಡು, ಅತ್ತೆ ಮಾವಂದಿರನ್ನು ನೋಡಿಕೊಂಡು ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನೂ ಪಡೆದಿದ್ದಾರೆ." ಜೋರು ಚಪ್ಪಾಳೆ. ಅದೇ ಹೆಂಗಸು ಪರೀಕ್ಷೆಯ ಹಿಂದಿನ ದಿನ ರಜೆ ಕೇಳಿದಾಗ "ಸ್ಟಾಫ್ ಇಲ್ಲಮ್ಮ" ಎಂದು ಚೀಟಿ ವಾಪಸು ಕೊಟ್ಟವರೂ ಆ ಚಪ್ಪಾಳೆಯಲ್ಲಿ ಇರುತ್ತಾರೆ.

ನಾನು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವಳು. ಮದುವೆ, ಮಗ ಎಲ್ಲ ಆದ ಮೇಲೆ ಕೆಲಸ ಬಿಡದೆ ಪದವಿ ಓದಿದೆ. ಈಗ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್. ಅಂದರೆ ಮೊದಲು ಡ್ಯೂಟಿ ಪಟ್ಟಿಗೆ ಕಾದು ನಿಲ್ಲುತ್ತಿದ್ದವಳು, ಈಗ ಪಟ್ಟಿ ಬರೆಯುವವಳು. ಎರಡೂ ಬದಿ ಕಂಡಿರುವುದರಿಂದ ಹೇಳುತ್ತಿದ್ದೇನೆ. ಓದುವ ನರ್ಸ್‌ಗೆ ಬೇಕಾಗಿರುವುದು ಮುಂದಿನ ತಿಂಗಳು ಯಾವ ದಿನ ಯಾವ ಪಾಳಿ ಎಂಬುದು ಈ ತಿಂಗಳೇ ತಿಳಿಯುವುದು. ಹೊಗಳಿಕೆ ಆಮೇಲೆ.

ಈ ವೃತ್ತಿಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜಿಎನ್‌ಎಂ ಎಂಬುದು ಮೂರು ವರ್ಷದ ಡಿಪ್ಲೊಮಾ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಎರಡರಲ್ಲಿ ಯಾವುದು ಓದಿದರೂ ನೋಂದಣಿ ಪಡೆದು ರೋಗಿಯ ಪಕ್ಕ ನಿಲ್ಲಬಹುದು. ಆದರೆ ಪಾಠ ಹೇಳುವ ಹುದ್ದೆ, ಎಂ.ಎಸ್ಸಿ., ಎಷ್ಟೋ ಕಡೆ ಮೇಲಿನ ಸ್ಥಾನ, ಇವೆಲ್ಲ ಪದವಿ ಕೇಳುತ್ತವೆ. 2019ರ ಹೊತ್ತಿಗೆ ಜಿಎನ್‌ಎಂ ಕೋರ್ಸನ್ನೇ ನಿಲ್ಲಿಸುತ್ತಾರೆ ಎಂಬ ಮಾತು ಎದ್ದು, ಆಮೇಲೆ ತಣ್ಣಗಾಯಿತು. ಆದರೆ ಆ ಹೆದರಿಕೆಯಲ್ಲೇ ನನ್ನ ವಯಸ್ಸಿನ ಎಷ್ಟೋ ಮಂದಿ ಅರ್ಜಿ ಹಾಕಿದರು. ನಮ್ಮಂಥವರಿಗೆ ಇರುವುದು ಡಿಪ್ಲೊಮಾದ ಮೇಲೆ ಓದಿ ಪದವಿ ಪಡೆಯುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಕಾಲೇಜಿಗೆ ಹೋಗಿ ಓದಿದರೆ ಎರಡು ವರ್ಷ. ಕೆಲಸದಲ್ಲಿದ್ದುಕೊಂಡೇ ಓದಲು ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಮೂರು ವರ್ಷದ ಕೋರ್ಸ್ ಇದೆ. ಪಿಯುಸಿ ಮಾಡಿ ಜಿಎನ್‌ಎಂ ಮಾಡಿದವರಿಗೆ ಎರಡು ವರ್ಷದ ಅನುಭವ ಬೇಕು, ಹತ್ತನೆಯ ತರಗತಿಯ ಮೇಲೆ ಜಿಎನ್‌ಎಂ ಮಾಡಿದ ಹಳಬರಿಗೆ ಐದು. ಪ್ರವೇಶ ಪರೀಕ್ಷೆ ಬರೆಯಬೇಕು. ನಾನು ಹಿಡಿದದ್ದು ಈ ದಾರಿ.

ಮೂರನೆಯದೊಂದು ದಾರಿಯೂ ಈ ಊರಿನಲ್ಲಿ ಇದೆ, ಎಲ್ಲರಿಗೂ ಗೊತ್ತಿದೆ. ದಲ್ಲಾಳಿಗಳ ಬಾಯಲ್ಲಿ ಅದರ ಹೆಸರು 'ನಾನ್ ಅಟೆಂಡಿಂಗ್'. ದುಡ್ಡು ಕಟ್ಟಿ, ಪರೀಕ್ಷೆಗೆ ಬನ್ನಿ, ಹಾಜರಿ ನಮ್ಮ ಜವಾಬ್ದಾರಿ ಎನ್ನುತ್ತಾರೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು ಶೇ. 80ರಷ್ಟು ಹಾಜರಿ ಬೇಕು, ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕ ತರಬೇತಿಯನ್ನು ಶೇ. 100ರಷ್ಟು ಮುಗಿಸಿರಬೇಕು. ಕೆಲಸ, ಮನೆ ಎರಡೂ ಇರುವವಳಿಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ಕೂಡಿ ಬರದ ಜಾಗದಲ್ಲೇ ದಲ್ಲಾಳಿ ಅಂಗಡಿ ಹಾಕುತ್ತಾನೆ. ಹಾಗೆ ಓದಿದವರನ್ನು ಬೈಯುವುದು ಸುಲಭ. ಸಂಬಳ ಬಿಟ್ಟು ಎರಡು ವರ್ಷ ಮನೆ ನಡೆಸಲು ಆಗದವಳ ಮುಂದೆ ನಿಂತು ಬೈಯುವುದು ಅಷ್ಟು ಸುಲಭವಲ್ಲ. ಸರ್ಕಾರಿ ಶುಶ್ರೂಷಾಧಿಕಾರಿಗಳಿಗಾದರೆ ನಿಯೋಜನೆಯ ಮೇಲೆ ಓದಲು ಹೋಗುವ ಅವಕಾಶವಾದರೂ ಇದೆ. ಖಾಸಗಿಯಲ್ಲಿ ಕೆಲಸ ಮಾಡುವವಳಿಗೆ ಏನಿದೆ?

ಹಾಗಾದರೆ ಪ್ರಾಯೋಗಿಕ ಗಂಟೆಗಳನ್ನು ಇಳಿಸಿಬಿಡಿ ಎಂದು ಕೆಲವು ಗೆಳತಿಯರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಹಾಸಿಗೆ ಹಾಸುವುದನ್ನು, ಸ್ಪಂಜ್ ಬಾತ್ ಕೊಡುವುದನ್ನು ಹತ್ತು ವರ್ಷ ವಾರ್ಡಿನಲ್ಲಿ ತೇಯ್ದವಳ ಕೈಯಲ್ಲಿ ಮತ್ತೆ ಮಾಡಿಸಿ ಲಾಗ್ ಬುಕ್ಕಿಗೆ ಸಹಿ ಹಾಕಿಸುವುದು ದಂಡ, ನಿಜ. ಅನುಭವಕ್ಕೆ ಅಷ್ಟು ವಿನಾಯಿತಿ ಸಿಗಬೇಕು. ಆದರೆ ಮಾನಸಿಕ ಆರೋಗ್ಯ ವಿಭಾಗದಲ್ಲಿ ಮಾಡಿದ ತರಬೇತಿ ಪೋಸ್ಟಿಂಗ್ ನೆನಪಾದರೆ ಬೇರೆ ಮಾತು ಹೇಳಬೇಕಾಗುತ್ತದೆ. ನಾನು ಡ್ರೆಸ್ಸಿಂಗ್, ಡ್ರೈನ್, ಡ್ರಿಪ್ ಎಂದು ಕೈ ಸದಾ ಓಡುತ್ತಿದ್ದ ವಾರ್ಡಿನವಳು. ಅಲ್ಲಿ ಒಬ್ಬ ರೋಗಿಯ ಎದುರು ಕುರ್ಚಿ ಹಾಕಿ ಕೂರಿಸಿದರು. ಕೈಗೆ ಕೆಲಸವಿಲ್ಲ. ಮಾತಾಡಬೇಕು, ಅದಕ್ಕಿಂತ ಹೆಚ್ಚಾಗಿ ಸುಮ್ಮನಿರಬೇಕು. ಆಮೇಲೆ ಅವರು ಹೇಳಿದ್ದು, ನಾನು ಹೇಳಿದ್ದು, ಆಗ ನನಗೆ ಅನಿಸಿದ್ದು ಎಲ್ಲವನ್ನೂ ಅಂಕಣ ಹಾಕಿ ಸಾಲು ಸಾಲಾಗಿ ಬರೆಯಬೇಕು. ಪ್ರೊಸೆಸ್ ರೆಕಾರ್ಡಿಂಗ್ ಎನ್ನುತ್ತಾರೆ. ಬರೆದು ಓದಿಕೊಂಡಾಗ ಕಂಡದ್ದೇನೆಂದರೆ, ಆತ ತನ್ನ ತಾಯಿಯ ವಿಷಯ ಎತ್ತಿದಾಗಲೆಲ್ಲ ನಾನು "ಊಟ ಆಯಿತಾ?" ಎಂದು ಕೇಳಿ ಮಾತು ತಿರುಗಿಸಿದ್ದೆ. ಇದನ್ನು ಯಾವ ಪುಸ್ತಕವೂ ತೋರಿಸುತ್ತಿರಲಿಲ್ಲ. ಇಂದು ಆಪರೇಷನ್ ಆದ ರೋಗಿ ರಾತ್ರಿ ಹೊತ್ತು ಏನೋ ಹೇಳಲು ಬಾಯಿ ತೆರೆದರೆ ನಾನು ನಿಲ್ಲುತ್ತೇನೆ. ಆ ಗಂಟೆಗಳನ್ನು ಕತ್ತರಿಸಿ ಕೊಡುವ ಪದವಿ ನನಗೆ ಬೇಡ.

ಗಂಟೆಗಳು ಇರಲಿ, ಅವಕ್ಕೆ ಜಾಗ ಮಾಡಿಕೊಡಿ ಎನ್ನುವುದಷ್ಟೇ ನನ್ನ ಮಾತು. ಆ ಜಾಗ ಇರುವುದು ಡ್ಯೂಟಿ ಪಟ್ಟಿಯಲ್ಲಿ.

ನಮ್ಮಲ್ಲಿ ಪಾಳಿ ಎಂದರೆ ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ಎಂಟರಿಂದ ಮರುದಿನ ಎಂಟು. ಕಾಗದದ ಮೇಲೆ ಹೀಗೆ. ಹ್ಯಾಂಡ್‌ಓವರ್ ಕೊಟ್ಟು, ನಾರ್ಕೋಟಿಕ್ ಔಷಧಿಗಳನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆದು, ಬಿಲ್ಲಿಂಗ್‌ನವರ ಪ್ರಶ್ನೆಗೆ ಉತ್ತರಿಸಿ ಹೊರಡುವಾಗ ಎಂಟು ಎಂಬುದು ಒಂಬತ್ತಕ್ಕೆ ಹತ್ತಿರವಾಗಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ನಮ್ಮ ಚಿಕ್ಕ ಹುಡುಗಿಯರಿಗೆ ಅದು ತಿಂಗಳಿಗೆ ದೊಡ್ಡ ಉಳಿತಾಯ. ಆದರೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಹೋಗುವ ಹೊತ್ತಿಗೆ ರಿಯಾಯಿತಿ ಯಾವ ಸರ್ಕಾರವೂ ಕೊಡಲಾರದು. ಇದೆಲ್ಲವನ್ನೂ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಭಾನುವಾರದಿಂದ ಶುರುವಾಗುವ ವಾರದ ಪಟ್ಟಿ ಶನಿವಾರ ಸಂಜೆ ಹೊರಬೀಳುವುದು. ನಾನು ಓದುವಾಗ ನಡೆದದ್ದು ಹಾಗೆ. ಭಾನುವಾರದ ತರಗತಿ ಮೂರು ತಿಂಗಳ ಮೊದಲೇ ಗೊತ್ತಿರುತ್ತಿತ್ತು, ಭಾನುವಾರದ ಪಾಳಿ ಮಾತ್ರ ಹಿಂದಿನ ದಿನದವರೆಗೆ ಗೊತ್ತಿರುತ್ತಿರಲಿಲ್ಲ. ಗಂಡ ಪೀಣ್ಯದ ಕಾರ್ಖಾನೆಯಲ್ಲಿ. ಅವರ ಪಾಳಿ ವಾರಗಳ ಮೊದಲೇ ನೋಟಿಸ್ ಬೋರ್ಡಿಗೆ ಬರುತ್ತದೆ. ನಟ್ಟು ಬೋಲ್ಟು ಮಾಡುವವರಿಗೆ ಸಾಧ್ಯವಾಗುವುದು ಜೀವ ಉಳಿಸುವವರಿಗೆ ಏಕೆ ಸಾಧ್ಯವಿಲ್ಲ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಇನ್‌ಚಾರ್ಜ್ ಆದ ಮೇಲೆ ಉತ್ತರ ಗೊತ್ತಾಯಿತು. ಸಾಧ್ಯವಿದೆ, ಸ್ವಲ್ಪ ತಲೆನೋವು ಅಷ್ಟೇ. ಈಗ ನನ್ನ ವಾರ್ಡಿನ ಪಟ್ಟಿ ಇಡೀ ತಿಂಗಳಿನದು. ಇಪ್ಪತ್ತನೆಯ ತಾರೀಕಿನೊಳಗೆ ಎಲ್ಲರೂ ತಮಗೆ ಆಗದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಕಾರಣ ಬರೆಯಬೇಕಾಗಿಲ್ಲ. ಪೆನ್ಸಿಲ್, ರಬ್ಬರ್ ಹಿಡಿದು ಕೂರುತ್ತೇನೆ, ಮೊದಲು ರಾತ್ರಿ ಪಾಳಿ ತುಂಬುತ್ತೇನೆ. ರಾತ್ರಿ ಮುಗಿದ ಮರುದಿನ ಯಾರಿಗೂ ಪಾಳಿ ಇಲ್ಲ. ಅದಲು ಬದಲು ಬೇಕಾದರೆ ಅವರವರೇ ಮಾತಾಡಿಕೊಂಡು ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಬೇಕು. ಯಾರಾದರೂ ದಿಢೀರನೆ ಜ್ವರ ಎಂದು ಮಲಗಿದರೆ ಪಟ್ಟಿ ಕೆಡುತ್ತದೆ, ಆಗ ನಾನೇ ಗೌನು ಹಾಕಿ ನಿಲ್ಲುತ್ತೇನೆ.

ಶುರುವಿನಲ್ಲಿ ಜಗಳವಾಯಿತು. ಓದುವವರಿಗೆ ಮಾತ್ರ ಏಕೆ ಸಲುಗೆ ಎಂದು ಹಿರಿಯ ಸಿಸ್ಟರ್ ಒಬ್ಬರು ಎಲ್ಲರ ಮುಂದೆ ಕೇಳಿದರು. ಅವರ ಮಾವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಅವರ ಮಾತು ನ್ಯಾಯವಾಗಿತ್ತು. ಕಾರಣ ಬರೆಯಬೇಕಾಗಿಲ್ಲ ಎಂಬ ನಿಯಮ ಬಂದದ್ದೇ ಆ ದಿನ. ಪರೀಕ್ಷೆಯೂ ಡಯಾಲಿಸಿಸ್ಸೂ ಊರಿನ ಜಾತ್ರೆಯೂ ನನ್ನ ಪೆನ್ಸಿಲ್ಲಿಗೆ ಒಂದೇ.

ಆಡಳಿತದವರು ಮಾತ್ರ ಇನ್ನೂ ಗೊಣಗುತ್ತಾರೆ. "ಸ್ಟಾಫ್ ಇಲ್ಲ" ಎಂಬ ಮಾತನ್ನು ಮಳೆ ಬರುತ್ತಿದೆ ಎನ್ನುವ ಧಾಟಿಯಲ್ಲಿ ಹೇಳುತ್ತಾರೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಎಂದು ಪರಿಷತ್ತಿನ ಮಾನದಂಡ ಹೇಳುತ್ತದೆ. ರಾತ್ರಿ ಹೊತ್ತು ನಾನು ಕಂಡಿರುವುದು ಅದರ ದುಪ್ಪಟ್ಟು. ಸ್ಟಾಫ್ ಇಲ್ಲದಿರುವುದು ಯಾರೋ ಕುಳಿತು ತೀರ್ಮಾನಿಸಿದ ವಿಷಯ. ಸಂಬಳವೂ ಹಾಗೆಯೇ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚಿಸಿದ ಸಮಿತಿ, ಐವತ್ತು ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, ಇನ್ನೂರು ಹಾಸಿಗೆ ಮೀರಿದಲ್ಲಿ ಸರ್ಕಾರಿ ಸಂಬಳಕ್ಕೆ ಸಮ ಇರಬೇಕು ಎಂದಿತು. ಬಹುಪಾಲು ಕಡೆ ಅದು ಶಿಫಾರಸಾಗಿಯೇ ಉಳಿದಿದೆ. ಆದ್ದರಿಂದಲೇ ಹಗಲು ಕಾಲೇಜಿಗೆ ಹೋಗುವ ಹುಡುಗಿಯರು ಫೀಸಿಗಾಗಿ ನರ್ಸಿಂಗ್ ಹೋಮ್‌ಗಳಲ್ಲಿ ರಾತ್ರಿ ಪಾಳಿ ಹಿಡಿಯುತ್ತಾರೆ. ನಿದ್ದೆಗಣ್ಣಿನಲ್ಲಿ ಇನ್ಸುಲಿನ್ ಅಳೆಯುವ ಕೈ ಅದು. ನಿಮ್ಮ ಮನೆಯವರಿಗೂ ಆ ಕೈಯೇ ಚುಚ್ಚಬಹುದು.

ಮಕ್ಕಳ ವಿಷಯ ಕೇಳಲೇಬೇಡಿ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯೇ ಹೇಳಿತ್ತು. ನಾನು ಕೆಲಸ ಮಾಡಿದ ಒಂದು ಕಡೆ ಇತ್ತು, ಗೋಡೆಗೆ ಆನೆ, ಜಿರಾಫೆ ಬರೆಸಿದ್ದರು, ಸಂಜೆ ಆರಕ್ಕೆ ಬೀಗ. ಎರಡರಿಂದ ಎಂಟರ ಪಾಳಿಯವಳು ಆರಕ್ಕೆ ಮಗುವನ್ನು ಎಲ್ಲಿ ಇಡಬೇಕು?

ನನಗೆ ಮನೆಯಲ್ಲಿ ಅತ್ತೆ ಇದ್ದರು. ತಿಪಟೂರಿನ ಕಡೆಯವರು, ಎಂಟನೆಯ ತರಗತಿ ಓದಿದವರು. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ಮೇಲೆ ನನ್ನ ತರಗತಿಗೆ ಕೆಂಪು, ತಮ್ಮ ಮಗನ ಪಾಳಿಗೆ ನೀಲಿ ಗುರುತು ಹಾಕುತ್ತಿದ್ದವರು ಅವರೇ. ಏಕಾದಶಿಯ ಪಕ್ಕದಲ್ಲೇ ನನ್ನ ಮೈಕ್ರೋಬಯಾಲಜಿ. ಎಲ್ಲರ ಮನೆಯಲ್ಲೂ ಇಂಥ ಅತ್ತೆ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸಿ ಕೋರ್ಸ್ ನಡೆಸುವುದೂ ತಪ್ಪು. "ಗಂಡ ಸಪೋರ್ಟ್ ಮಾಡುತ್ತಾರಾ?" ಎಂದು ಕೇಳುವವರು "ಆಸ್ಪತ್ರೆ ಸಪೋರ್ಟ್ ಮಾಡುತ್ತದಾ?" ಎಂದು ಒಮ್ಮೆಯಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಪದವಿಯಿಂದ ಸಂಬಳ ಎಷ್ಟು ಏರಿತು ಎಂದು ಇನ್‌ಬಾಕ್ಸಿನಲ್ಲಿ ಕೇಳುತ್ತಿರುತ್ತೀರಿ. ಹೇಳಿಕೊಳ್ಳುವಷ್ಟು ಏರಲಿಲ್ಲ. ಇನ್‌ಚಾರ್ಜ್ ಆಗಲು ಸಹಾಯವಾಯಿತು, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪಾಠದಿಂದ ವಾರ್ಡಿನ ಸೋಂಕಿನ ಲೆಕ್ಕವನ್ನು ನಾನೇ ಓದಿ ಪ್ರಶ್ನೆ ಕೇಳುವಂತಾದೆ. ಡಾಕ್ಟರರಿಗೆ ಅದು ಅಷ್ಟೇನೂ ಇಷ್ಟವಿಲ್ಲ.

ಸೇರಬೇಕೆಂದಿರುವವರು ಫೀಸು ವಿಚಾರಿಸುವ ಮೊದಲು ನಿಮ್ಮ ಇನ್‌ಚಾರ್ಜ್ ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ ಹೋಗಿ, ತರಗತಿಯ ದಿನಗಳಿಗೆ ವಾರದ ರಜೆ ಹೊಂದಿಸಿ ಕೊಡುತ್ತಾರೆಯೇ ಎಂದು ಕೇಳಿ. ಒಪ್ಪಿದರೆ ಒಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಇನ್‌ಚಾರ್ಜ್ ಬದಲಾದ ದಿನವೇ ಮುಗಿಯುತ್ತದೆ. ಕಾಲೇಜಿಗೆ ಪರಿಷತ್ತಿನ ಮತ್ತು ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ನೀವೇ ನೋಡಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಯಾರ ಕಪಾಟಿನಲ್ಲೂ ಇಡಬೇಡಿ. ಇನ್ನು ಇನ್‌ಚಾರ್ಜ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ, ತಿಂಗಳ ಪಟ್ಟಿಯ ನನ್ನ ನಮೂನೆ ಬೇಕಾದವರು ಕೇಳಿ, ಕಳುಹಿಸುತ್ತೇನೆ. ಮೂವತ್ತು ಹಾಸಿಗೆಯ ವಾರ್ಡಿಗೆ ಹೊಂದುವಂಥದ್ದು, ಐಸಿಯುಗೆ ನೀವೇ ಸ್ವಲ್ಪ ತಿದ್ದಿಕೊಳ್ಳಬೇಕು.